ಕತ್ತಲಲ್ಲಿ ಕಿತ್ತ ಎಲೆ

ತಲ್ ಅಲ್-ಕಮ್ಹ್ ಸಂಶೋಧನಾ ಕೇಂದ್ರ, ಬೆಕಾ ಬಯಲು
14 ಜೂನ್ 2021

ಶ್ರೀ ನಖ್ಲೆ ಅವರಿಗೆ,
ಜನರೇಟರ್ ಮಾಲೀಕರು, ಐನ್ ಅಲ್-ಬತ್ಮ್.

‘ಅಣ್ಣಾ’ ಎಂದು ಬರೆಯಹೊರಟೆ, ಕೈ ಮುಂದೆ ಹೋಗಲಿಲ್ಲ. ಅದಕ್ಕೇ ಈ ಒಕ್ಕಣೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಕೂಗಾಡತೊಡಗುತ್ತೇವೆ, ನಾಲ್ಕನೆಯದಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಕಾಗದದ ಮೇಲೆ ಕೂಗಾಡುವುದು ಅಷ್ಟು ಸುಲಭವಲ್ಲ. ವ್ಯಾನಿನ ಶಫೀಕ್ ದಿನ ಬಿಟ್ಟು ದಿನ ನಿಮ್ಮೂರಿಗೆ ಹತ್ತುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ವಿಷಯ ಇಷ್ಟು. ಇಲ್ಲಿ ಸರಕಾರದ ಕರೆಂಟು ದಿನಕ್ಕೆ ಎರಡು ಗಂಟೆ ಬಂದರೆ ಹಬ್ಬ. ಕೇಂದ್ರದ ಜನರೇಟರಿಗೆ ಡೀಸೆಲ್ ಇಲ್ಲ. ಆ ಎರಡು ಗಂಟೆಯಲ್ಲಿ ನನ್ನ ಪರೀಕ್ಷೆಯ ಸಣ್ಣ ಯಂತ್ರಗಳನ್ನು ಓಡಿಸಿಕೊಳ್ಳುತ್ತೇನೆ. ಗಿಡಗಳಿಗೆ ಆ ಉಪಾಯ ನಡೆಯುವುದಿಲ್ಲ. ಬೀರುವಿನಷ್ಟು ಎತ್ತರದ ಒಂದು ಪೆಟ್ಟಿಗೆಯಲ್ಲಿ, ದೀಪದ ಬೆಳಕಿನಲ್ಲಿ ಬಾರ್ಲಿ ಬೆಳೆಸಿದ್ದೇನೆ. ಆರು ವರ್ಷ, ತಲೆಮಾರಿನ ಮೇಲೆ ತಲೆಮಾರು ಆರಿಸಿ ತೆಗೆದ ತಳಿ, ಬೇರೆಲ್ಲೂ ಸಿಗದು. ತೆನೆ ಬಂದು ಕಾಳು ಬಲಿಯುವ ತನಕ ದೀಪ ಹೇಳಿದ ಹೊತ್ತಿಗೆ ಹತ್ತಬೇಕು, ಹೇಳಿದ ಹೊತ್ತಿಗೆ ಆರಬೇಕು. ಇಲ್ಲವಾದರೆ ಆರು ವರ್ಷವೂ ಒಲೆಗೆ.

ನಿಮ್ಮ ಲೈನು ಬಹಳ ಹೊತ್ತು ಹೋಗುವುದೇ ಇಲ್ಲವಂತೆ, ಶಫೀಕ್ ಹೇಳುತ್ತಾನೆ. ಪೆಟ್ಟಿಗೆಯನ್ನು ಅಲ್ಲಿಗೆ ಕಳಿಸಲೇ? ಊರಿನ ಉಳಿದವರು ಕೊಡುವುದನ್ನು ನಾನೂ ಕೊಡುತ್ತೇನೆ.

ಎರಡು ವರ್ಷದ ಹಿಂದೆ ಹೊಸ್ತಿಲಲ್ಲಿ ನಿಂತು ಆಡಿದ ಮಾತು ಮರೆತಿಲ್ಲ. ಅಮ್ಮನ ಹಿಪ್ಪುನೇರಳೆ ಮರ ಕಡಿಸಿ ಅದೇ ಜಾಗದಲ್ಲಿ ಆ ಹೊಗೆ ಉಗುಳುವ ಯಂತ್ರ ಕೂರಿಸಿದಿರಿ. ಅದು ಅಲ್ಲಿರುವ ತನಕ ಕಾಲಿಡುವುದಿಲ್ಲ ಎಂದೆ. ಆದ್ದರಿಂದ ಪೆಟ್ಟಿಗೆ ಬರುತ್ತದೆ, ನಾನು ಬರುವುದಿಲ್ಲ.

ಅಮ್ಮ ಹೇಗಿದ್ದಾಳೆ? ಫೋನ್ ಮಾಡಿದರೆ ಎರಡು ಮಾತಾಡಿ, ಒಲೆ ಮೇಲೆ ಪಾತ್ರೆ ಇದೆ ಎಂದು ಇಟ್ಟುಬಿಡುತ್ತಾಳೆ. ಅವಳಿಗೂ ನನ್ನ ಮೇಲೆ ಸಿಟ್ಟೇ?

ಇಂತಿ,
ಹಿಯಾಮ್


ಐನ್ ಅಲ್-ಬತ್ಮ್
17 ಜೂನ್

ಡಾಕ್ಟರ್ ಹಿಯಾಮ್ ಅವರ ಸನ್ನಿಧಾನಕ್ಕೆ,

ತಮ್ಮ ಅರ್ಜಿ ತಲುಪಿತು. ಮಾಲೀಕರು ಓದಿದರು. ಮಾಲೀಕರ ತಾಯಿಯೂ ಓದಿಸಿಕೊಂಡು ಕೇಳಿದರು, ‘ನಿಮ್ಮೂರು’ ಎಂದು ಬರೆದಿದ್ದಕ್ಕೆ ಒಂದು ಸಲ ನಕ್ಕರು. ಯಾವಾಗಿನಿಂದ ಅದು ನಮ್ಮೂರು ಮಾತ್ರ ಆಯಿತು, ನಿನ್ನದಲ್ಲದೆ?

ಕಳಿಸು. ಊರಿನ ಅಷ್ಟೂ ಮನೆಗೆ ತಂತಿ ಎಳೆದವನಿಗೆ ಒಂದು ಬಾರ್ಲಿ ಪೆಟ್ಟಿಗೆ ಹೆಚ್ಚಲ್ಲ. ದುಡ್ಡಿನ ಮಾತು ಮತ್ತೆ ಎತ್ತಿದರೆ ಪೆಟ್ಟಿಗೆಯನ್ನು ಕತ್ತೆ ಮೇಲೆ ಹೇರಿ ವಾಪಸ್ ಕಳಿಸುತ್ತೇನೆ. ಜಾಗ ಮುಂದಿನ ಕೋಣೆಯಲ್ಲಿ. ಅಮ್ಮನ ಕೋಣೆಯಲ್ಲಿ ಆಗುವುದಿಲ್ಲ, ಅಲ್ಲಿ ಸಾಮಾನು ಜಾಸ್ತಿ.

ಒಂದು ಷರತ್ತು. ನಾನು ನಿನ್ನ ಆಳಲ್ಲ. ಹಾಗೆ ಮಾಡು, ಹೀಗೆ ಮಾಡಬೇಡ ಎಂದು ಹತ್ತು ಪುಟ ಬರೆಯಬೇಡ. ಮೆಕ್ಯಾನಿಕ್ ಕೈ ಇದು, ಗ್ರೀಸ್ ಹತ್ತುವುದೇ.

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳುವ ಕೆಲಸವನ್ನು ಈ ಮನೆಯಲ್ಲಿ ನಿನಗೊಬ್ಬಳಿಗೇ ಬಿಟ್ಟಿದ್ದೇವೆ.

ನಖ್ಲೆ


ತಲ್ ಅಲ್-ಕಮ್ಹ್
25 ಜೂನ್

ನಖ್ಲೆ,

ಶಫೀಕನ ವ್ಯಾನಿನಲ್ಲಿ ಪೆಟ್ಟಿಗೆ ಬಂದಿರಬೇಕು. ಹತ್ತು ಪುಟ ಬರೆಯುವುದಿಲ್ಲ, ಒಂದೇ.

ಮೇಲಿನ ತಟ್ಟೆ ಬೆಳಕಿಗೆ. ಕೆಳಗಿನದರ ಮೇಲೆ ಕಪ್ಪು ಬಟ್ಟೆ ಇದೆ. ಅದನ್ನು ಯಾವಾಗ ಹೊದಿಸಬೇಕು, ಯಾವಾಗ ತೆಗೆಯಬೇಕು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಅದೊಂದನ್ನು ತಪ್ಪಿಸಬೇಡ. ಡಬ್ಬಿಯಲ್ಲಿ ಪುಟ್ಟ ಪುಟ್ಟ ಕೊಳವೆಗಳಿವೆ, ಒಳಗೆ ಉಪ್ಪುನೀರಿನಂಥದ್ದು. ಬೆಳಿಗ್ಗೆ, ನಡುಹಗಲು, ಸಂಜೆ ಒಂದೊಂದು ತುಂಡು ಎಲೆ ಕಿತ್ತು ಆ ನೀರಿಗೆ ಹಾಕು. ಕಿತ್ತ ಕೂಡಲೇ ಹಾಕಬೇಕು, ಕಾಫಿ ಕುಡಿದು ಬಂದಮೇಲೆ ಅಲ್ಲ. ಆ ನೀರಿಗೆ ಬಿದ್ದರೆ ಎಲೆಯೊಳಗೆ ನಡೆಯುತ್ತಿರುವುದೆಲ್ಲ ಆ ಗಳಿಗೆಯಲ್ಲಿ ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಕೊಳವೆಯ ಮೇಲೆ ದಿನ, ಹೊತ್ತು, ದೀಪ ಇತ್ತೇ ಇಲ್ಲವೇ, ಇಷ್ಟು ಬರೆ. ಶಫೀಕನ ಕೈಗೆ ಕೊಡು.

ಗ್ರೀಸ್ ಕೈಯಲ್ಲಿ ಮುಟ್ಟಬೇಡ ಎಂದು ಹೇಳಹೊರಟಿದ್ದೆ. ಹೇಳುವುದಿಲ್ಲ. ಡಬ್ಬಿಯಲ್ಲಿ ಕೈಗವಸು ಇಟ್ಟಿದ್ದೇನೆ.

ಹಿಯಾಮ್


ಐನ್ ಅಲ್-ಬತ್ಮ್
6 ಜುಲೈ

ತಂಗೀ,

ನಿನ್ನ ಕೈಗವಸು ನನ್ನ ಎರಡು ಬೆರಳಿಗೆ ಸರಿಯಾಯಿತು. ಸೋಪು ಹಾಕಿ ತೊಳೆದುಕೊಂಡು ಕೀಳುತ್ತಿದ್ದೇನೆ. ಮೊದಲ ದಿನ ಎಲೆ ಜೊತೆ ಗಿಡವೇ ಕಿತ್ತು ಬಂತು. ಮತ್ತೆ ಮಣ್ಣಿಗೆ ಚುಚ್ಚಿ ನೀರು ಹಾಕಿದೆ, ಬದುಕಿದೆ. ನಿನಗೆ ಹೇಳಬಾರದು ಅಂದುಕೊಂಡಿದ್ದೆ, ಅಮ್ಮ ಬರೆಸಿದಳು.

ಈಗ ಊರಿನ ಸುದ್ದಿ. ನಿನ್ನ ಪೆಟ್ಟಿಗೆಯ ನೇರಳೆ ಬೆಳಕು ಕಿಟಕಿಯಿಂದ ಬೀದಿಗೆ ಬೀಳುತ್ತದೆ. ಮೂರನೆಯ ದಿನಕ್ಕೆ ಪಕ್ಕದ ಮನೆ ವರ್ದೆ ಬೇಲಿ ಹತ್ತಿರ ನಿಂತಳು.

“ಏನಪ್ಪಾ ನಖ್ಲೆ, ಈ ಬಯಲಲ್ಲಿ ಎಲ್ರೂ ಗಾಂಜಾನ ಬಿಸಿಲಲ್ಲಿ ಬೆಳೀತಾರೆ. ನೀನ್ಯಾಕೆ ಬೀಗ ಹಾಕ್ಕೊಂಡು ಬೆಳೀತೀಯ?”

“ಬಾರ್ಲಿ ಕಣಮ್ಮಾ ಅದು.”

“ಹೂಂ, ಬಾರ್ಲಿ. ನನ್ನ ಗಂಡ ಕುಡಿಯೋದೂ ಬರೀ ನೀರೇ.”

ಆಮೇಲೆ ಅವಳೇ ಒಳಗೆ ಬಂದು ಪೆಟ್ಟಿಗೆ ಬಾಗಿಲು ತೆಗೆಸಿ ನೋಡಿದಳು. ಬಾರ್ಲಿಯೇ. ಅವಳ ಮುಖ ಸಣ್ಣದಾಯಿತು. “ಇಷ್ಟಕ್ಕೆ ಇಷ್ಟು ದೀಪವಾ?” ಅಂದಳು. ನನಗೂ ಅದೇ ಪ್ರಶ್ನೆ. ಬಿಸಿಲು ಪುಕ್ಕಟೆ ಸಿಗುವ ದೇಶದಲ್ಲಿ ಬಾರ್ಲಿಗೆ ನನ್ನ ಡೀಸೆಲ್ ಯಾಕೆ? ಎಲೆಯೊಳಗೆ ನಿಂತುಬಿಡುವುದು ಏನು? ಅಮ್ಮ ದಿನಾ ಆ ಪೆಟ್ಟಿಗೆ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ಬಟ್ಟೆ ಹೊದಿಸುವ ಹೊತ್ತು ನಾನು ಮರೆತರೂ ಅವಳು ಮರೆಯುವುದಿಲ್ಲ. ಅವಳಿಗೆ ಅರ್ಥವಾಗುವ ಹಾಗೆ ಬರೆ. ನನಗಾದರೆ ಅರ್ಥವಾಗದಿದ್ದರೂ ನಡೆಯುತ್ತದೆ.

ನಖ್ಲೆ


ತಲ್ ಅಲ್-ಕಮ್ಹ್
15 ಜುಲೈ

ನಖ್ಲೆಗೆ, ಅಮ್ಮನಿಗೆ,

ಎಲೆಗಳು ಚೆನ್ನಾಗಿ ಬರುತ್ತಿವೆ. ಎರಡು ಕೊಳವೆಯಲ್ಲಿ ಬೆರಳಿನ ಗುರುತಿತ್ತು, ಆದರೂ ಕೆಲಸಕ್ಕೆ ಬಂದವು.

ಅಮ್ಮಾ, ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಗಿಡದ ಒಂದೊಂದು ಜೀವಕೋಶದಲ್ಲೂ ಒಂದು ಒಳಕೋಣೆ ಇದೆ. ಆ ಗಿಡಕ್ಕೆ ಏನೇನು ಮಾಡಲು ಬರುತ್ತದೋ ಅದೆಲ್ಲ ಅಲ್ಲಿ ಬರೆದಿಟ್ಟ ಹಾಗಿರುತ್ತದೆ. ಮೂಲ ಹೊರಗೆ ಬರುವುದಿಲ್ಲ. ಬೇಕಾದ ಭಾಗದ ನಕಲು ತೆಗೆದು ಹೊರಗೆ ಕಳಿಸುತ್ತದೆ. ಆ ನಕಲಿನ ಹೆಸರು ಆರ್‌ಎನ್‌ಎ. ತೆಗೆದ ನಕಲು ಹಾಗೇ ಬಳಕೆಗೆ ಬರುವುದಿಲ್ಲ. ನಡುನಡುವೆ ಬೇಡದ ತುಂಡುಗಳಿರುತ್ತವೆ. ಅವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಹೊಲಿದ ಹಾಗೆ ಜೋಡಿಸಬೇಕು. ನೀನು ಒಂದೇ ಥಾನಿನ ಬಟ್ಟೆಯಲ್ಲಿ ನನಗೆ ಫ್ರಾಕು, ಅಣ್ಣನಿಗೆ ಅಂಗಿ ಕತ್ತರಿಸುತ್ತಿದ್ದೆಯಲ್ಲ, ಹಾಗೆ ಗಿಡವೂ ಒಂದೇ ನಕಲನ್ನು ಬೇರೆ ಬೇರೆ ಕಡೆ ಕತ್ತರಿಸಿ ಬೇರೆ ಬೇರೆ ಮಾಲು ಮಾಡಬಲ್ಲದು. ಬೆಳಕಿದ್ದರೆ ಒಂದು ರೀತಿ, ಕತ್ತಲಾದರೆ ಒಂದು ರೀತಿ, ಸೆಕೆಗೆ, ಚಳಿಗೆ, ನೀರು ಕಡಿಮೆಯಾದರೆ ಇನ್ನೊಂದು ರೀತಿ. ಕತ್ತಲಲ್ಲಿ ಕೆಲವನ್ನು ಕತ್ತರಿಸದೆ ಒಳಕೋಣೆಯಲ್ಲೇ ಇಟ್ಟುಕೊಳ್ಳುತ್ತದೆ.

ಬೇರಿನ ಸಂಗತಿ ಇನ್ನೂ ಸೋಜಿಗ. ಅದು ಮಣ್ಣೊಳಗಿದೆ, ಬೆಳಕೇ ಕಾಣದು. ಆದರೆ ಮೇಲೆ ಎಲೆಗೆ ಬೆಳಕು ಬಿದ್ದರೆ ಕೆಳಗೆ ಬೇರಿನಲ್ಲೂ ಕತ್ತರಿಸುವ ರೀತಿ ಬದಲಾಗುತ್ತದೆ. ಎಲೆ ಮಾಡಿದ ಸಕ್ಕರೆ ಇಳಿದುಹೋಗಿ ಸುದ್ದಿ ಮುಟ್ಟಿಸುತ್ತದೆ ಎಂದು ಕಾಣುತ್ತದೆ.

ಈ ಕತ್ತರಿಸುವ ಕೆಲಸಕ್ಕೆ ಜೀವಕೋಶದಲ್ಲಿ ಹಲವು ಪ್ರೋಟೀನುಗಳಿವೆ, ದರ್ಜಿಗಳಿದ್ದ ಹಾಗೆ. ನನ್ನ ತಳಿಯಲ್ಲಿ ಆ ಕತ್ತರಿಸುವವರ ಪೈಕಿ ಒಬ್ಬ ಇಲ್ಲ. ಅವನಿಲ್ಲದೆ ಗಿಡ ಕತ್ತಲನ್ನು ಹೇಗೆ ಕಳೆಯುತ್ತದೆ ಎಂದು ನೋಡಬೇಕು. ಹೊರಗಿನ ಬಿಸಿಲಿನಲ್ಲಿ ಮೋಡ, ಗಾಳಿ, ಸೆಕೆ ಎಲ್ಲ ಬೆರೆತು ಯಾವುದು ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ಅದಕ್ಕೇ ನಿನ್ನ ಡೀಸೆಲ್, ನಖ್ಲೆ.

ಅಮ್ಮ ಯಾಕೆ ಕುರ್ಚಿ ಹಾಕಿ ಕೂರುತ್ತಾಳೆ? ಮಧ್ಯಾಹ್ನ ವರ್ದೆ ಮನೆಗೆ ಹೋಗುವ ರೂಢಿ ಬಿಟ್ಟಳೇ?

ಹಿಯಾಮ್


ಐನ್ ಅಲ್-ಬತ್ಮ್
11 ಆಗಸ್ಟ್

ತಂಗೀ,

ಕೊಳವೆಗಳನ್ನು ಕಳಿಸಿದ್ದೇನೆ. ತಡವಾಯಿತು. ಶಫೀಕನ ವ್ಯಾನಿಗೇ ಪೆಟ್ರೋಲು ಸಿಗುತ್ತಿಲ್ಲ, ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದಾನೆ. ಇಲ್ಲಿ ಎಲ್ಲ ಸರಿಯಾಗಿದೆ. ದೀಪ ಹೇಳಿದ ಹೊತ್ತಿಗೆ ಹತ್ತುತ್ತಿದೆ. ಬಾರ್ಲಿ ಮೊಣಕಾಲು ದಾಟಿದೆ. ಅಮ್ಮ ನಿನ್ನ ಕಾಗದವನ್ನು ಎರಡು ಸಲ ಓದಿಸಿದಳು.

ಅವಸರದಲ್ಲಿದ್ದೇನೆ.

ನಖ್ಲೆ


ತಲ್ ಅಲ್-ಕಮ್ಹ್
16 ಆಗಸ್ಟ್

ನಖ್ಲೆ,

ಈ ಸಲದ ಎಲೆಗಳನ್ನು ಪರೀಕ್ಷೆಗೆ ಹಾಕಿದೆ. ಬೆಳಕಿನಲ್ಲಿದ್ದ ಎಲೆಯಾದರೆ ನಕಲು ಕತ್ತರಿಸಿಕೊಂಡು ಗಿಡ್ಡವಾಗಿರುತ್ತದೆ, ಪರೀಕ್ಷೆಯ ಜೆಲ್ಲಿಯಲ್ಲಿ ಬೇಗ ಇಳಿದು ಅದರ ಪಟ್ಟೆ ಕೆಳಗೆ ಬರುತ್ತದೆ. ಕತ್ತಲಲ್ಲಿದ್ದರೆ ಕತ್ತರಿಸದೆ ಉದ್ದ ಉಳಿದಿರುತ್ತದೆ, ಪಟ್ಟೆ ಮೇಲೆ ನಿಲ್ಲುತ್ತದೆ. ನೀನು ‘ನಡುಹಗಲು, ದೀಪ ಇದೆ’ ಎಂದು ಬರೆದ ಮೂರು ದಿನದ ಕೊಳವೆಗಳಲ್ಲಿ ಪಟ್ಟೆ ಮೇಲಿದೆ. ನನ್ನ ತಳಿಯಲ್ಲಷ್ಟೇ ಅಲ್ಲ, ಪಕ್ಕದಲ್ಲಿಟ್ಟ ಸಾಮಾನ್ಯ ಬಾರ್ಲಿಯಲ್ಲೂ. ತಪ್ಪು ನನ್ನದಿರಬಹುದೆಂದು ಇನ್ನೊಮ್ಮೆ ಮಾಡಿದೆ, ಅದೇ ಬಂತು.

ಆ ಮೂರು ದಿನ ಅಲ್ಲಿ ದೀಪ ಇರಲಿಲ್ಲ. ಎಲೆ ಕತ್ತಲಲ್ಲಿತ್ತು, ನೀನು ಬೆಳಕು ಎಂದು ಬರೆದೆ.

ದೀಪ ಆರಿದ್ದಕ್ಕೆ ನನಗೆ ಸಿಟ್ಟಿಲ್ಲ. ದೇಶದಲ್ಲೇ ಡೀಸೆಲ್ ಇಲ್ಲ ಎಂದು ನನಗೆ ಗೊತ್ತು. ಸುಳ್ಳು ಯಾಕೆ ಬರೆದೆ? ನನ್ನ ಪೆಟ್ಟಿಗೆಯ ತಂತಿ ಕಿತ್ತು ಯಾವ ದೊಡ್ಡ ಗಿರಾಕಿಯ ಮನೆಗೆ ಕೊಟ್ಟೆ? ಕೋಲ್ಡ್ ಸ್ಟೋರೇಜಿನವನಿಗೆ? ಮದುವೆ ಛತ್ರದವನಿಗೆ? ಮರ ಕಡಿದ ದಿನವೂ ಹೀಗೇ, ಕೇಳಿದ್ದಕ್ಕೆ ಉತ್ತರ ಕೊಡದೆ ಸ್ಪ್ಯಾನರ್ ಒರೆಸುತ್ತ ನಿಂತಿದ್ದೆ.

ಎಲೆಗೆ ನಾಲಿಗೆ ಇಲ್ಲ ಎಂದುಕೊಂಡೆಯಾ?

ಹಿಯಾಮ್


ಐನ್ ಅಲ್-ಬತ್ಮ್
19 ಆಗಸ್ಟ್

ಹೌದು, ದೀಪ ಆರಿತ್ತು. ಕಾರಣ ಕೇಳಬೇಡ. ಪೆಟ್ಟಿಗೆ ಬೇಕಿದ್ದರೆ ಒಯ್ಯಿ.

ನಖ್ಲೆ


ಐನ್ ಅಲ್-ಬತ್ಮ್, ಮನೆ
22 ಆಗಸ್ಟ್

ಅಣ್ಣಾ,

ಅಮ್ಮ ಈಗ ಆರಾಮಾಗಿದ್ದಾಳೆ. ಅದನ್ನು ಮೊದಲು ಓದಿಕೊಂಡು ಮುಂದಿನದನ್ನು ನಿಧಾನವಾಗಿ ಓದು. ನೀನು ನಿನ್ನೆಯಿಂದ ಡೀಸೆಲ್ ಸಾಲಿನಲ್ಲಿದ್ದೀಯ ಎಂದು ವರ್ದೆ ಹೇಳಿದಳು. ಫೋನು ಹತ್ತುತ್ತಿಲ್ಲ, ಟವರಿಗೂ ಡೀಸೆಲ್ ಬೇಕಲ್ಲ. ಎಷ್ಟು ದೂರದ ಸಾಲಾದರೂ ಹುಡುಕಿ ನಿನ್ನ ಕೈಗೇ ಕೊಡುತ್ತೇನೆ ಎಂದು ಶಫೀಕ್ ಮಾತು ಕೊಟ್ಟಿದ್ದಾನೆ.

ಪೆಟ್ಟಿಗೆ ಒಯ್ಯಲೆಂದೇ ಬಂದೆ. ದಾರಿಯುದ್ದಕ್ಕೂ ನಿನಗೆ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ಅಂಗಳದಲ್ಲಿ ನಿನ್ನ ದೊಡ್ಡ ಯಂತ್ರ ಸುಮ್ಮನೆ ನಿಂತಿತ್ತು, ಮೆಟ್ಟಿಲ ಬಳಿ ಸಣ್ಣದೊಂದು ಗುರುಗುಟ್ಟುತ್ತಿತ್ತು. ಬಾಗಿಲು ತಳ್ಳಿದೆ. ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯ ದೀಪ ಉರಿಯುತ್ತಿದೆ. ಅದರ ಪಕ್ಕ ಅಮ್ಮ, ಎರಡು ಕೈಯನ್ನೂ ಮೊಣಕಾಲಿಗೆ ಊರಿಕೊಂಡು, ಮುಂದಕ್ಕೆ ಬಾಗಿ ಕೂತಿದ್ದಾಳೆ. ತುಟಿ ನೀಲಿಗಟ್ಟಿದೆ. ಕೊರಳಲ್ಲಿ ಪ್ಲಾಸ್ಟಿಕ್ ಕೊಳವೆಯೊಂದು ಹಾರದ ಹಾಗೆ ಜೋತಿದೆ. ಕಾಲ ಬಳಿ ಸೂಟ್‌ಕೇಸಿನಂಥ ಯಂತ್ರ, ಆರಿದೆ.

“ಯಾರದು? ನಖ್ಲೇನಾ?”

“ನಾನಮ್ಮಾ.”

ಅವಳು ಬೆಚ್ಚಲೂ ಇಲ್ಲ. “ಬಾಗಿಲು... ಹಾಕು. ಧೂಳು ಬರತ್ತೆ. ನಿನ್ನ ಗಿಡಕ್ಕೆ... ಆಗಲ್ಲ,” ಅಂದಳು. ಎರಡು ಮಾತಿಗೊಮ್ಮೆ ಉಸಿರು ಹುಡುಕುತ್ತಿದ್ದಳು.

“ಇದೇನಮ್ಮಾ ಕೊರಳಲ್ಲಿ?”

“ಆಕ್ಸಿಜನ್ನು. ಶ್ವಾಸಕೋಶಕ್ಕೆ ಡಾಕ್ಟರು ಏನೋ ಹೆಸರಿಟ್ಟಿದಾರೆ. ನನ್ನ ಬಾಯಿಗೆ ಬರಲ್ಲ.”

“ಮತ್ತೆ ಯಾಕೆ ಆರಿಸಿದೀಯ?”

“ಸಣ್ಣ ಮಿಷನ್ನು... ಎರಡನ್ನೂ ಎಳೆಯಲ್ಲ. ನಿನ್ನ ದೀಪ ಹತ್ತಿದ್ರೆ ನನ್ನದು ಕುಂಯ್ ಅಂತ ಕೂಗತ್ತೆ. ನಾನು ಒಂಚೂರು ಹೊತ್ತು ಹಾಗೇ ಇರ್ತೀನಿ. ಇವಕ್ಕೆ ಆಗಲ್ಲ. ನೀನೇ ಬರೆದಿದ್ಯಲ್ಲ, ಹೊತ್ತಿಗೆ ಸರಿಯಾಗಿ ಬೆಳಕು ಬೇಕು ಅಂತ.”

ಅಣ್ಣಾ, ಪೆಟ್ಟಿಗೆಯ ಪ್ಲಗ್ಗನ್ನು ನಾನೇ ಕಿತ್ತೆ. ಕಿತ್ತದ್ದು ಕಿತ್ತ ಮೇಲೇ ನನಗೆ ತಿಳಿದದ್ದು. ಅವಳದನ್ನು ಚುಚ್ಚಿದೆ, ಕೊಳವೆ ಮೂಗಿಗೆ ಇಟ್ಟೆ, ಬೆನ್ನಿಗೆ ದಿಂಬು ಕೊಟ್ಟೆ. ತುಟಿಗೆ ಬಣ್ಣ ಬರುವ ತನಕ ಅವಳ ಕೈ ಹಿಡಿದು ನೆಲದ ಮೇಲೆ ಕೂತೆ. ಅಷ್ಟರಲ್ಲಿ ವರ್ದೆ ರೊಟ್ಟಿ ಹೊತ್ತುಕೊಂಡು ಬಂದಳು. ನನ್ನನ್ನು ನೋಡಿ ಆಶ್ಚರ್ಯವನ್ನೇ ಪಡದೆ ಅಮ್ಮನ ಮೇಲೆ ಹರಿಹಾಯ್ದಳು.

“ಮತ್ತೆ ಬದಲಾಯಿಸಿದ್ಯಾ? ರೊಟ್ಟಿ ತರಕ್ಕೆ ಹೋದ್ರೆ ಅಷ್ಟೇ ಸಾಕು ನಿಂಗೆ. ನಿನ್ನ ಮಗ ಬಂದ್ರೆ ನನ್ನ ಚರ್ಮ ಸುಲೀತಾನೆ.”

“ಹೇಳಬೇಡ ಅವನಿಗೆ,” ಅಂದಳು ಅಮ್ಮ.

“ಈ ಮನೆಯಲ್ಲಿ ಎಲ್ಲರೂ ಇದನ್ನೇ ಹೇಳೋದು,” ಎಂದು ವರ್ದೆ ರೊಟ್ಟಿಯನ್ನು ಮೇಜಿಗೆ ಎಸೆದು ಅಡುಗೆಮನೆಗೆ ಹೋದಳು.

ಸಂಜೆ ಅಮ್ಮನಿಗೆ ಮಾತಾಡುವಷ್ಟು ಉಸಿರು ಬಂದ ಮೇಲೆ ಮರದ ವಿಷಯ ಕೇಳಿದೆ.

“ನಾನೇ ಕಡಿಸಿದ್ದು. ಕರೆಂಟು ಆಗಲೇ ಹೋಗ್ತಾ ಬರ್ತಾ ಇತ್ತು. ಮನೆ ಪಕ್ಕ ಅಷ್ಟು ದೊಡ್ಡ ಮಿಷನ್ನಿಗೆ ಬೇರೆ ಜಾಗ ಎಲ್ಲಿತ್ತು? ಅವನು ಕೊಡಲಿ ಮುಟ್ಟಲ್ಲ ಅಂದ. ಮರದ ಬೇರಿಂದ ನಾನು ಉಸಿರಾಡ್ಲಾ ಅಂತ ಕೇಳ್ದೆ. ಊರಿಗೆಲ್ಲ ತಂತಿ ಎಳೆದದ್ದು ಆಮೇಲೆ. ನನ್ನೊಬ್ಬಳಿಗೆ ಅಂತ ಅಷ್ಟು ದೊಡ್ಡದನ್ನ ಓಡಿಸಕ್ಕಾಗತ್ತಾ?”

“ನಂಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಬಂದು ನನ್ನ ಕಾಲ ಹತ್ರ ಕೂತಿರ್ತಿದ್ದೆ. ಆಗಷ್ಟೇ ನಿನ್ನ ಕೆಲಸ ಖಾಯಂ ಆಗಿತ್ತು.”

“ಎರಡು ವರ್ಷ ಅಣ್ಣ ನನ್ನ ಬೈಗುಳ ತಿಂದ.”

“ದೊಡ್ಡವನಲ್ವಾ, ತಿನ್ನಲಿ,” ಅಂದು ನನ್ನ ಕೆನ್ನೆ ಒರೆಸಿದಳು. “ಅಳಬೇಡ, ನನ್ನ ಮಣ್ಣು ಮಾಡುವವಳೇ.” ಹುಟ್ಟಿದಾಗಿನಿಂದ ಮುದ್ದಿಗೆ ಕರೆಯುತ್ತ ಬಂದ ಮಾತೇ ಅದು. ಇವತ್ತು ಕೇಳಲಾಗಲಿಲ್ಲ.

ಬಾರ್ಲಿ ಕುಂಡಗಳನ್ನೆಲ್ಲ ತಾರಸಿಗೆ ಹೊತ್ತು ಬಿಸಿಲಿಗೆ ಇಟ್ಟಿದ್ದೇನೆ. ಬದುಕುವುದು ಬದುಕಲಿ. ಸಣ್ಣ ಯಂತ್ರಕ್ಕೆ ಎಣ್ಣೆ ಎಲ್ಲಿ ಹಾಕಬೇಕೆಂದು ತಿಳಿಯದೆ ವರ್ದೆಯ ಗಂಡನನ್ನು ಕೇಳಿಕೊಂಡೆ. ಇವತ್ತು ಅವನು ನಿಜವಾಗಿಯೂ ನೀರೇ ಕುಡಿದಿದ್ದ.

ಡೀಸೆಲ್ ಸಿಗದಿದ್ದರೂ ಬಾ. ಬೇಗ ಬಾ.

ನಿನ್ನ ತಂಗಿ,
ಹಿಯಾಮ್


ಪೆಟ್ರೋಲ್ ಬಂಕಿನ ಸಾಲಿನಿಂದ
23 ಆಗಸ್ಟ್

ತಂಗೀ,

ರೊಟ್ಟಿ ಸುತ್ತಿದ ಕಾಗದದ ಮೇಲೆ ಬರೆಯುತ್ತಿದ್ದೇನೆ. ಶಫೀಕ್ ಪಕ್ಕದಲ್ಲೇ ನಿಂತು ಬೇಗ ಬರಿ ಎಂದು ತಲೆ ತಿನ್ನುತ್ತಿದ್ದಾನೆ. ನನ್ನ ಮುಂದೆ ಇನ್ನೂ ಇಪ್ಪತ್ತು ಲಾರಿ ಇರಬಹುದು. ನಿನ್ನ ಕಾಗದ ಓದಿ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಹಿಂದಿನ ಲಾರಿಯವನು ಬಂದು ಬಾಗಿಲು ಬಡಿದ. “ಏನಣ್ಣಾ, ಸಾಲು ಮುಂದೆ ಹೋಯ್ತು, ನಿದ್ದೆನಾ?” ಅಂದ. ನಿದ್ದೆ ಅಂದೆ.

ಹೇಳಬಾರದೆಂದು ಅಪ್ಪನ ಸಮಾಧಿ ಮೇಲೆ ಆಣೆ ಹಾಕಿಸಿದ್ದಳು. ಈಗ ಅವಳೇ ಹೇಳಿದ್ದರಿಂದ ಆಣೆ ಮುಗಿಯಿತು. ಆ ಮೂರು ದಿನ ದೊಡ್ಡ ಯಂತ್ರಕ್ಕೆ ಹಾಕಲು ಏನೂ ಉಳಿದಿರಲಿಲ್ಲ. ಊರಿಗೇ ಕತ್ತಲೆ. ಸಣ್ಣದನ್ನು ಅವಳೊಬ್ಬಳಿಗೆ ಓಡಿಸಿದೆ. ದೀಪ ಇಲ್ಲ ಎಂದು ಬರೆದರೆ ನೀನು ಯಾಕೆಂದು ಕೇಳುತ್ತೀಯ, ಒಂದಕ್ಕೊಂದು ಗಂಟು ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಕತ್ತಲ ಪೆಟ್ಟಿಗೆಯೊಳಗೆ ಟಾರ್ಚು ಹಿಡಿದು ಎಲೆ ಕಿತ್ತು, ಬೆಳಕು ಎಂದು ಬರೆದೆ. ಎಲೆ ಹೋಗಿ ಚಾಡಿ ಹೇಳುತ್ತದೆಂದು ನನಗೇನು ಗೊತ್ತು? ನೀನು ಬರೆದಿದ್ದೆ ನಿಜ, ನಾನು ನಂಬಿರಲಿಲ್ಲ.

ಅವಳು ಪ್ಲಗ್ ಬದಲಾಯಿಸುತ್ತಾಳೆಂದು ಗೊತ್ತಾದ ದಿನ ಮೊದಲ ಸಲ ಅವಳ ಮೇಲೆ ಕೂಗಾಡಿದೆ. “ಅವಳು ಆರು ವರ್ಷ ಮಾಡಿದ್ದು ಕಣೋ,” ಅಂದಳು. “ನಿನ್ನ ವಯಸ್ಸು ಎಪ್ಪತ್ತೊಂದು ಕಣಮ್ಮಾ,” ಅಂದೆ. ಅದಕ್ಕೆ ನಕ್ಕಳು. ನಗುವಾಗ ಕೆಮ್ಮು ಬಂತು.

ಸಣ್ಣ ಯಂತ್ರದ ಹಗ್ಗ ಒಂದೇ ಸಲ ಜೋರಾಗಿ ಎಳೆಯಬೇಕು, ಅರ್ಧ ಎಳೆದರೆ ಕೈಗೆ ಹೊಡೆಯುತ್ತದೆ. ಎಣ್ಣೆ ಕೊಟ್ಟಿಗೆಯಲ್ಲಿ ಒಣಹುಲ್ಲಿನ ಹಿಂದೆ ಇದೆ. ನಾಳೆ ಬರುತ್ತೇನೆ. ನಾಳೆ ಆಗದಿದ್ದರೆ ನಾಳಿದ್ದು.

ನಖ್ಲೆ


ತಲ್ ಅಲ್-ಕಮ್ಹ್
18 ನವೆಂಬರ್ 2021

ಅಣ್ಣಾ,

ಅಮ್ಮ ನನ್ನನ್ನು ಮನೆಯಿಂದ ಓಡಿಸಿ ಮೂರು ವಾರವಾಯಿತು. “ಇಲ್ಲಿ ಕೂತು ನನ್ನ ಉಸಿರು ಎಣಿಸಬೇಡ, ಹೋಗಿ ನಿನ್ನ ಎಲೆ ನೋಡು,” ಅಂದಳು. ನೋಡಿದೆ. ಇದನ್ನು ಅವಳಿಗೆ ಓದಿ ಹೇಳು.

ನೀನು ಸುಳ್ಳು ಬರೆದೆ, ಆದರೆ ಕೀಳುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಕತ್ತಲಿನ ಮೂರು ದಿನದ್ದೂ ಇದೆ, ಮತ್ತೆ ದೀಪ ಹತ್ತಿದ ಮೇಲಿನದ್ದೂ ಇದೆ. ಸಾಮಾನ್ಯ ಬಾರ್ಲಿ ಆ ಮೂರು ದಿನ ತನ್ನ ನಕಲುಗಳನ್ನು ಎಸೆಯಲಿಲ್ಲ. ಕತ್ತರಿಸದೆ ಒಳಕೋಣೆಯಲ್ಲಿ ಇಟ್ಟುಕೊಂಡಿತ್ತು, ಬೆಳಕು ಬಂದ ಮೇಲೆ ಕತ್ತರಿಸಿ ಕೆಲಸಕ್ಕೆ ಕಳಿಸಿತು. ನನ್ನ ತಳಿಯಲ್ಲಿ ಕತ್ತರಿಸುವವನೊಬ್ಬ ಇಲ್ಲವಲ್ಲ, ಅದಕ್ಕೆ ಇದು ಸಾಧ್ಯವೇ ಇಲ್ಲ ಎಂದು ನಾನು ಎಲ್ಲರೆದುರು ಹೇಳಿಕೊಂಡು ಬಂದಿದ್ದೆ. ಅದೂ ಕತ್ತರಿಸಿತು. ಬಹಳ ತಡವಾಗಿ, ಅರೆಬರೆಯಾಗಿ. ಬೇರೆ ಯಾರೋ ಆ ಕೆಲಸ ಕೈಗೆತ್ತಿಕೊಂಡಿರಬೇಕು. ಯಾರು ಎಂದು ಇನ್ನೂ ಗೊತ್ತಿಲ್ಲ.

ದೊಡ್ಡ ವಿಜಯವೇನೂ ಅಲ್ಲ. ಇಷ್ಟು ಕಡಿಮೆ ಗಿಡದಲ್ಲಿ ನೋಡಿದ್ದನ್ನು ಯಾರೂ ಅಚ್ಚು ಹಾಕುವುದಿಲ್ಲ, ಇನ್ನೊಮ್ಮೆ ಮಾಡಿ ತೋರಿಸು ಎನ್ನುತ್ತಾರೆ. ತಾರಸಿಯ ಮೇಲೆ ಉಳಿದವು ಕೊಟ್ಟ ಕಾಳು ಒಂದು ಮುಷ್ಟಿಯೂ ಇಲ್ಲ. ಅದರಲ್ಲಿ ಅರ್ಧವನ್ನು ವಿಯೆನ್ನಾದ ಪ್ರಯೋಗಾಲಯಕ್ಕೆ ಕಳಿಸಿದ್ದೇನೆ. ಅಲ್ಲಿ ಕರೆಂಟು ಹೋಗುವುದಿಲ್ಲವಂತೆ. ನನ್ನನ್ನೂ ಒಂದು ವರ್ಷಕ್ಕೆ ಬಾ ಎಂದಿದ್ದಾರೆ. ವಸಂತದ ತನಕ ಬರಲಾಗುವುದಿಲ್ಲ ಎಂದು ಬರೆದಿದ್ದೇನೆ. ಯಾಕೆ ಎಂದು ಅವರು ಕೇಳಲಿಲ್ಲ. ಅಮ್ಮನೂ ಕೇಳುವುದು ಬೇಡ.

ಎಲೆ ಸಂಗ್ರಹಿಸಿದವರ ಹೆಸರು ಬರೆಯುವ ಜಾಗದಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಬೇಡ ಎನ್ನಬೇಡ.

ಶನಿವಾರ ಬರುತ್ತೇನೆ. ಕಿಶ್ಕ್ ಗಂಜಿ ಮಾಡಿಡು, ಬೆಳ್ಳುಳ್ಳಿಗೆ ಕಂಜೂಸುತನ ಮಾಡಬೇಡ.

ಹಿಯಾಮ್


ಐನ್ ಅಲ್-ಬತ್ಮ್
13 ಮಾರ್ಚ್ 2022

ತಂಗೀ,

ಅಮ್ಮನ ನಲವತ್ತನೆಯ ದಿನದ ಪೂಜೆ ಮುಗಿಸಿ ನೀನು ಇಳಿದು ಹೋದ ಮೇಲೆ ಮನೆ ಗುಡಿಸಿದೆ. ಅಮ್ಮನ ಕೋಣೆಯ ಕಿಟಕಿ ತೆರೆದಿಟ್ಟಿದ್ದೇನೆ. ಯಂತ್ರದ ಸದ್ದಿಲ್ಲದೆ ಆ ಕೋಣೆ ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ವಿಯೆನ್ನಾಕ್ಕೆ ಹೊರಡುವ ದಿನ ಗೊತ್ತಾಯಿತೇ? ವಿಮಾನ ನಿಲ್ದಾಣಕ್ಕೆ ನಾನೇ ಬಿಡುತ್ತೇನೆ, ಶಫೀಕ್ ಬೇಡ.

ನಿನ್ನೆ ಹನ್ನಾನ ಹೆಂಡತಿ ಬಂದಿದ್ದಳು. ಹನ್ನಾ ಗೊತ್ತಲ್ಲ, ಚರ್ಚಿನ ಕೆಳಗೆ ಕ್ಷೌರದಂಗಡಿ ಇಟ್ಟಿದ್ದವನು. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರಂತೆ, ಮಲಗಿದರೆ ಉಸಿರು ಸಿಗುವುದಿಲ್ಲ, ಕೂತೇ ರಾತ್ರಿ ಕಳೆಯುತ್ತಾನೆ. ಅವಳು ಏನನ್ನೂ ಕೇಳಲಿಲ್ಲ, ಬಾಗಿಲಲ್ಲಿ ನಿಂತು ಕಾಲ ಬೆರಳು ನೋಡುತ್ತಿದ್ದಳು. ಅಮ್ಮನ ಆಕ್ಸಿಜನ್ ಯಂತ್ರ ಹೆಗಲ ಮೇಲೆ ಹಾಕಿಕೊಂಡು ಅವಳ ಹಿಂದೆ ಹೋದೆ. ಸಂಜೆಯೊಳಗೆ ಸಣ್ಣ ಜನರೇಟರಿನಿಂದ ಬೇರೆಯದೇ ಒಂದು ತಂತಿ ಎಳೆದೆ, ಊರಿನ ಲೈನು ಹೋದರೂ ಅದು ಹೋಗದ ಹಾಗೆ. ನಿನ್ನನ್ನು ಕೇಳಿ ಕೊಡಬೇಕಿತ್ತು. ನೀನು ಬೇಡ ಅನ್ನುತ್ತಿರಲಿಲ್ಲ ಎಂದುಕೊಂಡೆ.

“ತಿಂಗಳಿಗೆ ಏನು ಕೊಡಬೇಕಪ್ಪಾ?” ಅಂದಳು ಅವಳು.

“ಆ ತಂತಿಗೆ ಮೀಟರ್ ಇಲ್ಲಮ್ಮ,” ಅಂದೆ.

ಕೊಳವೆ ಹಾಕಿ ಸ್ವಲ್ಪ ಹೊತ್ತಿಗೆ ಹನ್ನಾ ಕಣ್ಣು ಬಿಟ್ಟ. ನನ್ನನ್ನು ಬಹಳ ಹೊತ್ತು ನೋಡಿದ. “ನಖ್ಲೆ,” ಅಂದ, “ನಿನ್ನ ತಲೆ ಕುರಿ ತಲೆ ಆಗಿದೆ. ನಾಳೆ ಬಾ, ಕತ್ತರಿಸ್ತೀನಿ.” ಅವನ ಹೆಂಡತಿ ಗೋಡೆ ಕಡೆ ತಿರುಗಿ ನಿಂತಳು.

ಮನೆಗೆ ಬಂದೆ. ಅಮ್ಮ ಹೋದ ಮೇಲೆ ಮೊದಲ ಸಲ ಹೊಟ್ಟೆ ಹಸಿದಿತ್ತು. ಬಾಣಲೆಗೆ ಬೆಣ್ಣೆ ಹಾಕಿ ನಾಲ್ಕು ಮೊಟ್ಟೆ ಒಡೆದೆ, ಅಡುಗೆಮನೆಯಲ್ಲೇ ನಿಂತು ರೊಟ್ಟಿ ಅದ್ದಿಕೊಂಡು ತಿನ್ನತೊಡಗಿದೆ. ಎರಡನೆಯದು ಮುಗಿಯುವಾಗ ಇದು ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಮೊಟ್ಟೆ ಬೆಣ್ಣೆ ಮುಟ್ಟುವಂತಿಲ್ಲ ಎಂದು ನೆನಪಾಯಿತು. ರೊಟ್ಟಿ ಹಿಡಿದು ಒಂದು ಗಳಿಗೆ ನಿಂತೆ. ಆಮೇಲೆ ಉಳಿದದ್ದನ್ನೂ ತಿಂದು ಬಾಣಲೆ ತೊಳೆದಿಟ್ಟೆ.

ನಿನ್ನ ಅಣ್ಣ,
ನಖ್ಲೆ